ಮೊಣಕೈ ಮರೆಯಲ್ಲಿದ್ದದ್ದು

ಡಿಪೋ ಎಲೆಕ್ಟ್ರಿಷಿಯನ್ ತಿರುಮಳೇಶ ಬರೆದುಕೊಟ್ಟಿದ್ದಾನೆ
ಹಳೇ ವೇಬಿಲ್ಲಿನ ಬೆನ್ನಿಗೆ, ನೀಲಿ ರೀಫಿಲ್ಲಿನಲ್ಲಿ:
ಮೊದಲು ಎಮ್ಯುಲೇಟರ್ ಇಳಿಸಿಕೊಳ್ಳಿ ಅಕ್ಕ.
ಆಟ ಜಿಪ್ ಫೈಲಲ್ಲಿರುತ್ತೆ, ಬಿಚ್ಚಬೇಡಿ,
ಬಿಚ್ಚಿದರೆ ಅದಕ್ಕೆ ಗುರುತೇ ಸಿಗಲ್ಲ.
ಬಯೋಸ್ ಅಂತ ಇನ್ನೊಂದಿದೆ, ಪಕ್ಕದಲ್ಲೇ ಇಡಿ,
ಹೆಸರು ಮಾತ್ರ ಬದಲಿಸಬೇಡಿ.

ಬಿಚ್ಚದೇ ಇಟ್ಟುಕೊಳ್ಳುವುದು ನನಗೇನು ಹೊಸದಲ್ಲ.
ಶ್ರೀರಾಮಪುರದ ಹಿಟ್ಟಿನ ಗಿರಣಿವರೆಗೂ
ಅಮ್ಮ ಕೊಟ್ಟ ಕಾಸನ್ನು ಮುಷ್ಟಿ ಬಿಚ್ಚದೆ ಒಯ್ದವಳು.
ರಾಗಿ ಬೀಸಿ ಉಳಿದ ಎಂಟಾಣೆ ಅಣ್ಣನದು.
ಗಿರಣಿ ಪಕ್ಕದ ಕೋಣೆಗೆ ಕಂದು ಪರದೆ,
ಒಳಗೆ ಮುನಿಚನ್ನನ ಎರಡು ಮಿಷನ್ನು.
ಹೆಣ್ಣುಮಕ್ಕಳು ಒಳಗೆ ಬರಬಾರದು ಅಂತ
ಯಾರೂ ಬೋರ್ಡು ಹಾಕಿರಲಿಲ್ಲ.
ಬೋರ್ಡು ಬೇಕಿರಲಿಲ್ಲ.

ಪರದೆ ಸಂದಿಯಿಂದ ಆ ಇನ್ನೊಂದು ಪರದೆಯಲ್ಲಿ
ಕಂಡದ್ದು ಇಷ್ಟು: ನೀಲಿ ಕುದುರೆ, ಕಂದಕ,
ಬಲಗಡೆಯಿಂದ ಓಡೋಡಿ ಬರುವ ಗುಡ್ಡಗಳು.
ಎಡಗಡೆ ಕೆಳಗಿನ ಮೂಲೆಯಲ್ಲಿ ಅಣ್ಣನ ಮೊಣಕೈ.
ಮೂರು ವರ್ಷ ನೋಡಿದೆ. ಮೊಣಕೈ ಕದಲಲಿಲ್ಲ.
"ಊಟಕ್ಕೆ ಬಾರೋ" ಅನ್ನುವುದು ನನ್ನ ಪಾಲಿನ ಆಟ,
ಅದರಲ್ಲಿ ಒಮ್ಮೆಯೂ ಗೆದ್ದಿಲ್ಲ.

ಈಗ ಯಶವಂತಪುರ ಡಿಪೋ, ಟ್ರಿಪ್ಪಿನ ನಡುವೆ
ಇಪ್ಪತ್ತೈದು ನಿಮಿಷ, ಕಾಲು ಕುಂಟುವ ಬೆಂಚು,
ಅರ್ಧ ತಿಂದ ಚಿತ್ರಾನ್ನ.
ಫೈಲ್ ಇಲ್ಲ ಅನ್ನುತ್ತದೆ ಫೋನು.
ಇದೆ, ಸರಿಯಾಗಿ ನೋಡು ಅನ್ನುತ್ತೇನೆ.
ಫೋಲ್ಡರಿನೊಳಗೆ ಫೋಲ್ಡರು, ಚಿಕ್ಕಪೇಟೆ ಗಲ್ಲಿ ಹಾಗೆ,
ತಿರುಗಿದ್ದೇ ತಿರುಗಿದ್ದು.
ಆಮೇಲೆ, ನಾನು ಉಪ್ಪಿನಕಾಯಿ ನೆಕ್ಕುತ್ತಿದ್ದಾಗ, ಬಂತು.
ಹಳೇ ಟೀವಿ ಥರ ಗೆರೆ ಗೆರೆ ಬೇಕೇ? ಬೇಕು.
ಅಗಲ ಹಿಗ್ಗಿಸಲೇ? ಬೇಡಪ್ಪ, ಕುದುರೆ ಎಮ್ಮೆಯಾಗುತ್ತದೆ.

ಎಡಗಡೆ ಮೂಲೆ. ಮೊಣಕೈ ಇಲ್ಲ.
ಮೂವತ್ತೈದು ವರ್ಷದಿಂದ ಅಲ್ಲಿ ಏನೇನೋ ಇಟ್ಟಿದ್ದೆ:
ಒಂದು ಕೆರೆ, ಕೆರೆಗೆ ಮೆಟ್ಟಿಲು, ಕುದುರೆಗೆ ಲಾಯ,
ಕೆಲವು ವರ್ಷ ಒಬ್ಬಳು ಹುಡುಗಿ ಕೂಡ.
ಇರುವುದು ಒಂದು ಪದ, ಒಂದು ಅಂಕಿ.
ಕ್ರೆಡಿಟ್, ಸೊನ್ನೆ.

ನಾಣ್ಯ ಹಾಕಿ ಎಂದು ಮಿಣುಕುತ್ತದೆ.
ಸೊಂಟದ ಚೀಲದ ತುಂಬ ನಾಣ್ಯ, ಫೋನಿಗೆ ತೂತಿಲ್ಲ.
ತಿರುಮಳೇಶನ ಕೊನೇ ಸಾಲು:
ಮೇಲಿನ ಬಟನ್ ಒತ್ತಿ, ಅದೇ ಕಾಸು.
ಎಷ್ಟು ಸಲ ಬೇಕಾದ್ರೂ ಒತ್ತಿ, ಯಾರೂ ಕೇಳಲ್ಲ.

ಯಾರೂ ಕೇಳಲ್ಲ ಅಂದರೆ ನನಗೆ ಕೈ ಏಳುವುದಿಲ್ಲ.
ಬೆಳಗಿಂದ ನೂರಾ ಹದಿನಾರು ಹೆಂಗಸರಿಗೆ
ಸೊನ್ನೆ ರೂಪಾಯಿ ಟಿಕೇಟು ಹರಿದುಕೊಟ್ಟಿದ್ದೇನೆ,
ಆಧಾರ್ ನೋಡಿ, ತಲೆ ಎಣಿಸಿ.
ಪುಕ್ಕಟೆಗೂ ಲೆಕ್ಕ ಇರುತ್ತದೆ ತಮ್ಮಾ.
ವೇಬಿಲ್ಲಿನ ಅಂಚಿಗೆ ಒಂದು ಗೀಟು ಎಳೆದು
ಒತ್ತಿದೆ. ಠಣ್ ಅಂದಿತು.
ಅದೇ ಠಣ್. ಗಿರಣಿ ಸದ್ದಷ್ಟೇ ಇರಲಿಲ್ಲ.

ಮೊದಲ ಕಂದಕಕ್ಕೇ ಬಿದ್ದೆ.
ಗೀಟು.
ಬಿದ್ದೆ.
ಆರನೇ ಗೀಟಿಗೆ ಅಣ್ಣನಿಗೆ ಫೋನ್ ಹಚ್ಚಿದೆ.
ಹೆಗ್ಗನಹಳ್ಳಿಯಲ್ಲಿ ಟ್ಯಾಂಕರಿನಿಂದ ನೀರು ಬಿಡುತ್ತಿದ್ದ.
"ಕುದುರೆನಾ? ಮುನಿಚನ್ನನ ಹತ್ರ ಇದ್ದದ್ದು ಕಾರಲ್ವೇನೇ?"
ಆಡಿದವನಿಗೆ ಕಾರು.
ನೋಡಿದವಳಿಗೆ ಎರಡನೇ ಕಂದಕದ ಮುಂದಿನ
ಬೋಳು ಮರವೂ ನೆನಪು,
ಯಾವಾಗ ಜಿಗಿಯಬೇಕು ಅನ್ನುವುದೊಂದು ಬಿಟ್ಟು.

ಏಳನೇ ಸಲ ಕುದುರೆ ಎದ್ದಿತು,
ಹೊರಗೆ ಡ್ರೈವರ್ ಯಲ್ಲೋಜಿ ಹಾರ್ನ್ ಒತ್ತಿದ.
ಇದ್ದದ್ದನ್ನು ಇದ್ದ ಹಾಗೇ ಉಳಿಸಲು
ಒಂದು ಬಟನ್ ಉಂಟಂತೆ.
ಹುಡುಕಿ ಒತ್ತಿದೆ.

ಎರಡೂ ಕಾಲಿಗೆ ಬಿಟ್ಟೆವು, ಬನಶಂಕರಿ ಕಡೆಗೆ.
ನವರಂಗಿನಲ್ಲಿ ಜಾಮು,
ವಿಜಯನಗರದಲ್ಲಿ ಫುಟ್‌ಬೋರ್ಡಿನ ತನಕ ಜನ.
"ಒಳಗೆ ಬನ್ನಿ, ಒಳಗೆ ಜಾಗ ಇದೆ, ಬನ್ನಿ" ಅನ್ನುತ್ತಿದ್ದೆ.
ಸೊಂಟದ ಚೀಲದಲ್ಲಿ, ಚಿಲ್ಲರೆಯ ಪಕ್ಕ,
ನಾಲ್ಕೂ ಕಾಲು ನೆಲ ಬಿಟ್ಟು
ಕುದುರೆ ಹಾಗೇ ಇತ್ತು.